ಇಪನೇಮಾದ ಹುಡುಗಿಯನ್ನು ನೋಡುವವನು

ಬ್ರೆಜಿಲ್‌ನ 'ಇಪನೇಮಾದ ಹುಡುಗಿ' ಹಾಡನ್ನು (ಇಪನೇಮಾ ಅಂದರೆ ರಿಯೋ ಡಿ ಜನೈರೋದ ಕಡಲತೀರದ ಬಡಾವಣೆ) ಬೀಚು, ಬಿಸಿಲಿನ ಹಗುರ ಹಾಡು ಅಂತ ಒಂದು ಲೇಖನದಲ್ಲಿ ಕರೆದಿದ್ದನ್ನು ಓದಿದೆ. ನನಗೆ ಒಪ್ಪಿಗೆಯಾಗಲಿಲ್ಲ. 1962ರಲ್ಲಿ ಟಾಮ್ ಜೋಬಿಮ್ ಸಂಗೀತ ಕೊಟ್ಟು, ವಿನಿಸಿಯಸ್ ಡಿ ಮೊರಾಯಿಸ್ ಸಾಹಿತ್ಯ ಬರೆದ ಈ ಹಾಡಿನ ಮಧ್ಯಭಾಗವನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮೊದಲಿಗೆ ಹುಡುಗಿ ಸಮುದ್ರದ ಕಡೆ ನಡೆದು ಹೋಗುತ್ತಿರುತ್ತಾಳೆ, ರಾಗವೂ ಅವಳ ಹೆಜ್ಜೆಗೆ ತಕ್ಕಂತೆ ತೂಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಶ್ರುತಿ ಬದಲಾಗುತ್ತದೆ, ಸ್ವರಗಳು ಉದ್ದವಾಗುತ್ತವೆ. ನಾನು ಯಾಕೆ ಇಷ್ಟು ಒಂಟಿ ಅಂತ ಅವಳನ್ನು ನೋಡುವವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಆ ಚೆಲುವು ತನ್ನೊಬ್ಬನದಲ್ಲ, ಅದೂ ಒಂಟಿಯಾಗಿಯೇ ಹಾದುಹೋಗುತ್ತಿದೆ ಅನ್ನುತ್ತಾನೆ. ಇಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ. ಪಡೆಯಲೇಬೇಕು ಅನ್ನೋ ಹಟ ಇಲ್ಲ, ಅವಳನ್ನು ಕೂಗಿ ಕರೆಯೋದೂ ಇಲ್ಲ. ಅವಳಿಗೂ ಒಂಟಿತನ ಇರಬಹುದು ಅಂತ ದೂರದಿಂದಲೇ ಯೋಚಿಸುವ ಮನಸ್ಸು ಎಷ್ಟು ದೊಡ್ಡದು ಅಲ್ವಾ!

ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಮತ್ತು ಬ್ರೆಜಿಲ್‌ನ ಗಾಯಕ ಜೊವಾಂವ್ ಜಿಲ್ಬರ್ಟೊ ಸೇರಿ ಮಾಡಿದ 1964ರ ಗೆಟ್ಸ್–ಜಿಲ್ಬರ್ಟೊ ಆಲ್ಬಂನಲ್ಲಿ ಈ ಹಾಡನ್ನು ಮೊದಲು ಹಾಡುವುದು ಜೊವಾಂವ್, ಪೋರ್ಚುಗೀಸ್‌ನಲ್ಲಿ. ಸಿಂಗಲ್ ಆಗಿ, ಅಂದರೆ ಈ ಹಾಡನ್ನೇ ಬೇರೆ ರೆಕಾರ್ಡಾಗಿ, ಹೊರತಂದಾಗ ಆ ಭಾಗವನ್ನೇ ಕತ್ತರಿಸಿ, ಜೊವಾಂವ್ ಅವರ ಆಗಿನ ಹೆಂಡತಿ ಅಸ್ತ್ರುದ್ ಹಾಡಿದ ಇಂಗ್ಲಿಷ್ ಭಾಗ ಉಳಿಸಿಕೊಂಡರು. ಜಾಸ್ತಿ ಜನರಿಗೆ ಅದೇ ಗೊತ್ತು. ದಯವಿಟ್ಟು ಪೂರ್ತಿ ಹಾಡು ಹುಡುಕಿ ಕೇಳಿ. ಜೊವಾಂವ್ ದನಿ ಎತ್ತುವುದೇ ಇಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ ಹಾಡುತ್ತಾರೆ. ದೂರ ನಿಂತು ಮೆಚ್ಚುವವನ ದನಿ ಅಂದರೆ ನನ್ನ ಪಾಲಿಗೆ ಅದೇ.