ಡೈಡಾಕ್ಟಿಕ್ ಅಂದರೆ ಬೈಗುಳವೇ?

ಯಕ್ಷಗಾನದ ಪ್ರಸಂಗವನ್ನು ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ತಾಳಮದ್ದಳೆ ‘ಡೈಡಾಕ್ಟಿಕ್’, ಅಂದರೆ ಬರೀ ಉಪದೇಶ, ಅದಕ್ಕೇ ಹೊಸಬರಿಗೆ ಬೋರು ಎಂದು ನಿಮ್ಮ ಲೇಖನದಲ್ಲಿದೆ. ಇಂಗ್ಲಿಷಿನಲ್ಲೂ ಈಗ ಆ ಪದವನ್ನು ಜಾಸ್ತಿ ಬಳಸುವುದು ಹೀಗೆ ಮೂಗು ಮುರಿಯಲಿಕ್ಕೇ, ಒಪ್ಪಿದೆ. ಆದರೆ ಗ್ರೀಕ್ ಮೂಲದ ಈ ಪದದ ಅರ್ಥ ಕಲಿಸುವುದಕ್ಕೆ ಸಂಬಂಧಿಸಿದ್ದು ಅಂತ ಅಷ್ಟೇ. ಕಲಿಸುವುದು ನೀತಿಯನ್ನೇ ಆಗಬೇಕೆಂದಿಲ್ಲ. ರೋಮಿನ ವರ್ಜಿಲ್ ಬೇಸಾಯದ ಮೇಲೆ ಬರೆದ ಕಾವ್ಯದಲ್ಲಿ ದ್ರಾಕ್ಷಿ ಬಳ್ಳಿ, ದನಕರು, ಜೇನು ಸಾಕಣೆ ಎಲ್ಲ ಬರುತ್ತದೆ. ಅದೂ ಡೈಡಾಕ್ಟಿಕ್ ಕಾವ್ಯವೇ. ನಮ್ಮ ಅಡಿಕೆ ತೋಟದವರಿಗೆ ಹೇಳಿದರೆ ಖುಷಿಪಟ್ಟಾರು!

ಇನ್ನು ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಕಡೆಯವನು ನಾನು, ಸುಮ್ನೆ ಬಿಟ್ಟುಕೊಡುವುದು ಹೇಗೆ? ವಾಲಿವಧೆ ಪ್ರಸಂಗ ಒಮ್ಮೆ ಕೂತು ಕೇಳಿ. ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ವೇಷವಿಲ್ಲ, ಕುಣಿತವಿಲ್ಲ. ಶಾಲು ಹೊದ್ದು ಕೂತ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಎಲ್ಲವನ್ನೂ ಮಾತಲ್ಲೇ ಕಟ್ಟಬೇಕು. ಕಥೆಯನ್ನು ಹಾಡುವ ಭಾಗವತರ ಪದ ಮುಗಿದ ಮೇಲೆ ಬರೆದುಕೊಟ್ಟ ಮಾತು ಒಂದೂ ಇರುವುದಿಲ್ಲ. ಎದುರಿನವರು ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ವಾಲಿ ಜೋರಾದ ದಿನ ರಾಮ ತಡವರಿಸುವುದೂ ಉಂಟು. ಸಭೆಯಲ್ಲಿ ಕೂತವರು ಮನೆಗೆ ಹೋಗುವ ದಾರಿಯುದ್ದಕ್ಕೂ ವಾಲಿಯ ಪರವಾಗಿ ಜಗಳ ಮಾಡುತ್ತಾರೆ. ಇದು ಉಪದೇಶವೇ?

ಹಾಂ, ಕೆಲವು ಅರ್ಥಧಾರಿಗಳು ಪಾತ್ರ ಮರೆತು ಪ್ರವಚನಕ್ಕೆ ಇಳಿಯುತ್ತಾರೆ. ಅವರಿಗೆ ಬೇಕಾದರೆ ನಿಮ್ಮ ಪದ ಹಾಕಿ, ಕೆಟ್ಟ ಅರ್ಥದಲ್ಲೇ. ತಕರಾರಿಲ್ಲ.