ಸತ್ಯಾಂಶ: ತೇಜಸ್ ಒಳಗಿರುವುದು ಕಾವೇರಿ ಎಂಜಿನ್ ಅಲ್ಲ

"ತೇಜಸ್ ಹಾರುವುದು ನಮ್ಮದೇ ಕಾವೇರಿ ಎಂಜಿನ್‌ನಿಂದ, ಎಲ್ಲರಿಗೂ ಕಳಿಸಿ" ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. ಯುದ್ಧವಿಮಾನ ನಮ್ಮದೇ. ಎಂಜಿನ್ ಮಾತ್ರ ಅಮೆರಿಕದ ಜಿಇ ಕಂಪನಿಯ ಎಫ್404. ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಜಿಟಿಆರ್‌ಇ ಕಾವೇರಿಯನ್ನು ರೂಪಿಸಿದ್ದು ನಿಜ, ಆದರೆ ಬೇಕಾದಷ್ಟು ಥ್ರಸ್ಟ್ (ವಿಮಾನವನ್ನು ಮುಂದೆ ತಳ್ಳುವ ಬಲ) ಸಿಗದೆ 2008ರಲ್ಲೇ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು.

ಇಷ್ಟು ವರ್ಷ ನಮ್ಮವರು ಸುಮ್ನೆ ಕೂತಿದ್ದರು ಅಂತಲ್ಲ, ಕೆಲಸವೇ ಅಷ್ಟು ಕಷ್ಟ. ಎಂಜಿನ್ನಿನೊಳಗೆ ತಿರುಗುವ ಟರ್ಬೈನ್ ಚಕ್ರದ ಬ್ಲೇಡಿಗೆ (ಎಸಳಿಗೆ) ಬಡಿಯುವ ಗಾಳಿ, ಬ್ಲೇಡಿನ ಲೋಹ ಕರಗುವ ಬಿಸಿಗಿಂತ ಜಾಸ್ತಿ ಬಿಸಿ ಇರುತ್ತೆ. ಅದಕ್ಕೇ ಬ್ಲೇಡಿನೊಳಗೆ ಕಿರುದಾರಿಗಳಿಟ್ಟು ಕಡಿಮೆ ಬಿಸಿಯ ಗಾಳಿ ಹರಿಸುತ್ತಾರೆ, ಎರಕ ಹೊಯ್ಯುವಾಗ ಅಚ್ಚಿನ ಬುಡದ ಸುರುಳಿ ದಾರಿಯಲ್ಲಿ ಲೋಹದ ಒಂದೇ ಒಂದು ಹರಳು ಗೆದ್ದು ಬಂದು, ಅದೇ ಬೆಳೆದು ಇಡೀ ಬ್ಲೇಡ್ ಆಗಬೇಕು. ಬೇರೆಯವರ ಎಂಜಿನ್ ಬಿಚ್ಚಿ ಅಳೆದ ಮಾತ್ರಕ್ಕೆ ಇದನ್ನು ಕಾಪಿ ಮಾಡೋಕಾಗಲ್ಲ, ಅಲ್ವಾ? ಇಂಥ ಬ್ಲೇಡುಗಳನ್ನು ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ತಯಾರಿಸಿದೆ. 2021ರಲ್ಲಿ 60 ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಕೊಟ್ಟಿತು.