ಆರು ಎಕರೆ ಮಾಲಿಗೆ ಬೆಟ್ಟ ಎಷ್ಟು?

ನಮ್ಮ ಶಿರಸಿಗೆ ಮಾಲ್ ಬರುತ್ತದಂತೆ. ಪೇಟೆಯೊಳಗೆ ಅಲ್ಲ, ಊರ ಹೊರಗೆ, ಗದ್ದೆ ಬಯಲಿನಲ್ಲಿ. ಯಾವ ರಸ್ತೆ ಪಕ್ಕ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಚಹಾ ಹೊತ್ತಿಗೆ ಅಲ್ಲಿ ಗುಂಟೆ ಮೇಲೆ ಒಂದು ಲಕ್ಷ ಏರಿರುತ್ತದೆ. ಜಾಗದ ರೇಟು ಒಮ್ಮೆ ಏರಿದರೆ ಮುಗಿಯಿತು. ನಮ್ಮಲ್ಲಿ ಏರಿ ಇಳಿಯುವುದು ಎರಡೇ. ಒಂದು ಅಡಿಕೆ ದರ, ಇನ್ನೊಂದು ಕುಮಟಾ ಬಸ್ಸು.

ಹೋದ ವಾರ ಈ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ಇತ್ತು. ಕರೆದವರು ಯಾರು ಅನ್ನುವುದು ಬೇಡ, ಅವಲಕ್ಕಿ ಚೆನ್ನಾಗಿತ್ತು. ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಗೋಡೆ ಮೇಲೆ ಚಿತ್ರ ಬಿಟ್ಟ. ಆರು ಎಕರೆ, ನಾಲ್ಕು ಅಂತಸ್ತು, ಐನೂರು ಕಾರು ನಿಲ್ಲುವ ಜಾಗ. ಗಾಜಿನ ಕಟ್ಟಡ, ಮುಂದೆ ಕಾರಂಜಿ. ಕಾರಂಜಿ ಸುತ್ತ ಒಂದಿಷ್ಟು ಜನ ನಗುತ್ತಾ ಓಡಾಡುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಆಕಾಶ ಪೂರ್ತಿ ನೀಲಿ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಹೊಡೆಯುವ ಊರು, ಒಬ್ಬರ ಕೈಯಲ್ಲೂ ಕೊಡೆ ಇಲ್ಲ. ಅಡಿಕೆ ಬೆಳೆಯುವ ಊರು, ಒಬ್ಬರ ಬಾಯಲ್ಲೂ ಕವಳ ಇಲ್ಲ. ಎಲ್ಲರ ಕೈಯಲ್ಲೂ ಕಾಗದದ ಚೀಲ. ನಮ್ಮ ಆಷಾಢದಲ್ಲಿ ಅದು ಕಾರಿನವರೆಗೂ ಬಾಳುತ್ತದಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಎಸ್ಕಲೇಟರ್ ಚಿತ್ರ ಬರುವಾಗ ಸರಿಯಾಗಿ ಕರೆಂಟ್ ಹೋಯಿತು. ಪಾಪ, ಹುಡುಗ ಕತ್ತಲಲ್ಲೇ ವರ್ಣನೆ ಮಾಡಿದ. ಸುಮ್ನೆ ನಿಂತರೆ ಸಾಕಂತೆ, ಅದೇ ಮೇಲಕ್ಕೆ ಒಯ್ಯುತ್ತದಂತೆ.

“ಕರೆಂಟ್ ಹೋದ್ರೆ?” ಹಿಂದಿನಿಂದ ಯಾರೋ ಕೇಳಿದರು.

“ಆಗ ಮೆಟ್ಟಿಲಿನ ಥರಾನೇ ಹತ್ತಬಹುದು ಸರ್.”

“ಹಂಗಾರೆ ಮೆಟ್ಲೇ ಮಾಡಿ ಮಾರಾಯ್ರೆ.”

ಎಲ್ಲರೂ ನಕ್ಕರು. ಆದರೆ ಮೋಸ ಹೋಗಬೇಡಿ. ಸಭೆಯಲ್ಲಿ ಮುಕ್ಕಾಲು ಪಾಲು ಮಾಲ್ ಬೇಕು ಅನ್ನುವವರೇ. ನಕ್ಕವರೂ ಅವರೇ.

ಮೊದಲು ಎದ್ದವರು ನೌಕರಿಯಿಂದ ನಿವೃತ್ತರಾದವರು. ಅವರ ಲೆಕ್ಕ ಸರಳ. ಎದೆನೋವು ಜೋರಾದರೆ ಹುಬ್ಬಳ್ಳಿಗೆ ಓಡಬೇಕು, ಇಲ್ಲದಿದ್ದರೆ ಮಣಿಪಾಲಕ್ಕೆ. ಮೊಮ್ಮಕ್ಕಳಿಗೆ ಮಾಲ್ ತೋರಿಸಲೂ ಹುಬ್ಬಳ್ಳಿಗೇ ಓಡಬೇಕು. ಹತ್ತಿರ ಹತ್ತಿರ ನೂರು ಕಿಲೋಮೀಟರ್. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಮೊಬೈಲ್ ಬಿಸಿಯಾಗುವಷ್ಟು ಟ್ವೀಟ್ ಮಾಡಿದ್ದರು. “ಎರಡರಲ್ಲಿ ಒಂದಾದರೂ ಹತ್ತಿರ ಬರಲಿ. ಆಸ್ಪತ್ರೆಗೆ ಡಾಕ್ಟರ್ ಬೇಕು, ಮಷೀನ್ ಬೇಕು. ಮಾಲಿಗೆ ಗಾಜು ಸಾಕು” ಅಂದರು. ಚಪ್ಪಾಳೆ ಬಿತ್ತು. ಇನ್ನು ಮೇಲೆ ಎದೆನೋವು ಬಂದವರನ್ನು ಏಸಿಯಲ್ಲಿ ಕೂರಿಸಿಕೊಂಡು ಆಂಬುಲೆನ್ಸಿಗೆ ಕಾಯಬಹುದು. ಅದೇನು ಸಣ್ಣ ಸುಧಾರಣೆಯಾ?

ಎರಡನೆಯವರ ಮಾತು ಬಹಳ ಜನರಿಗೆ ನಾಟಿತು. “ಮಾಲ್ ಬಂದರೆ ನಮ್ಮ ಹುಡುಗರಿಗೆ ಹೆಣ್ಣು ಸಿಗುತ್ತದೆ.”

ಸಭೆ ಗಪ್‌ಚುಪ್. ತೋಟ ಇದೆ, ಮನೆ ಇದೆ, ಕಾರಿದೆ, ವಯಸ್ಸು ಮೂವತ್ತೆಂಟು. ಇಂಥ ಹುಡುಗರು ಊರೂರಲ್ಲೂ ಇದ್ದಾರೆ. ಜಾತಕ ಕೂಡಿದರೂ ಹುಡುಗಿ “ಅಲ್ಲಿ ಏನಿದೆ?” ಅಂತ ಕೇಳುತ್ತಾಳೆ. ಇಷ್ಟು ದಿನ ಹುಡುಗನ ಅಪ್ಪ ಮಾರಿಕಾಂಬಾ ದೇವಸ್ಥಾನ, ಉಂಚಳ್ಳಿ ಜಲಪಾತ, ಸಹಸ್ರಲಿಂಗ ಅಂತ ಪಟ್ಟಿ ಒಪ್ಪಿಸುತ್ತಿದ್ದರು. ಹುಡುಗಿ ಕೇಳಿದ್ದು ಅದನ್ನಲ್ಲ ಅಂತ ಈಗ ತಿಳಿದಿದೆ. ಸಹಸ್ರಲಿಂಗದಲ್ಲಿ ಶಾಲ್ಮಲೆ ಹೊಳೆಯ ಬಂಡೆಗಳ ಮೇಲೆ ಅಷ್ಟೊಂದು ಲಿಂಗ ಕೆತ್ತಿಸಿದವರು ಪಕ್ಕದಲ್ಲಿ ಒಂದು ಟ್ರಯಲ್ ರೂಮ್ ಮಾಡಿಸಿಡಲಿಲ್ಲ. ಆಗಿನವರಿಗೆ ದೂರದೃಷ್ಟಿ ಇರಲಿಲ್ಲ, ಬಿಡಿ.

ಅಂದ ಹಾಗೆ, ಇದನ್ನು ಹುಡುಗಿಯರ ಹತ್ತಿರ ಯಾರೂ ಕೇಳಲಿಲ್ಲ. ಸಭೆಯಲ್ಲಿ ಇದ್ದ ಹುಡುಗಿ ಒಬ್ಬಳೇ, ಮೈಕ್ ಸೆಟ್ಟಿನವಳು. ಚಹಾ ಕುಡಿಯುವಾಗ ನಾನೇ ಕೇಳಿದೆ. “ಸಂಜೆ ಏಳರ ಮೇಲೆ ನಮ್ಮೂರ ಕಡೆ ಒಂದು ಬಸ್ ಬಿಟ್ಟಿದ್ರೆ ಸಾಕಿತ್ತು ಅಣ್ಣಾ” ಅಂದಳು. ಬಸ್ಸಿನ ವಿಷಯ ಅವತ್ತಿನ ಪಟ್ಟಿಯಲ್ಲಿ ಇರಲಿಲ್ಲ.

ಮುನ್ನೂರು ಜನರಿಗೆ ಕೆಲಸ ಸಿಗುತ್ತದೆ ಅಂತ ಹುಡುಗ ಹೇಳಿದಾಗ ಮಾತ್ರ ತೋಟದವರ ಮುಖ ಸಣ್ಣಗಾಯಿತು. ಈಗಲೇ ಕೊಯ್ಲಿಗೆ ಕೊನೆಗೌಡ ಸಿಗುವುದಿಲ್ಲ. ಅವನ ಡೇಟ್ ಸಿಗುವುದು ಸಿನಿಮಾ ನಟರ ಡೇಟಿಗಿಂತ ಕಷ್ಟ. ಅಡಿಕೆ ಮರದ ತುದಿಯಲ್ಲಿ ಕೂತು, ಮರವನ್ನೇ ಬಾಗಿಸಿ, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುವವನು ಅವನು. ಅಂಥವನು ನಾಳೆ ಟೈ ಕಟ್ಟಿಕೊಂಡು, ಎಸ್ಕಲೇಟರ್ ಹತ್ತಲು ಹೆದರುವವರ ಕೈ ಹಿಡಿಯುವ ಕೆಲಸಕ್ಕೆ ಸೇರಿದರೆ ತೋಟದಲ್ಲಿ ಅಡಿಕೆ ಕೊನೆ ಇಳಿಸುವವರು ಯಾರು? ಈ ಪ್ರಶ್ನೆಗೆ ಹುಡುಗನ ಲ್ಯಾಪ್‌ಟಾಪಿನಲ್ಲಿ ಚಿತ್ರ ಇರಲಿಲ್ಲ.

ಆಗ ಮೂಲೆಯಲ್ಲಿ ಕೂತಿದ್ದ ಅಜ್ಜ ಎದ್ದರು. ಎಂಬತ್ತು ದಾಟಿರಬೇಕು. ಕವಳ ಉಗಿದು ಬಂದು, ಬಾಯಿ ಒರೆಸಿಕೊಂಡು, ಮೈಕ್ ಬೇಡ ಅಂದರು.

“ತಮಾ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ. ನಿನ್ನ ಆರು ಎಕರೆ ಮಾಲಿಗೆ ಬೆಟ್ಟ ಎಷ್ಟು?”

ಹುಡುಗ ಒಂದು ಕ್ಷಣ ತಡವರಿಸಿದ. ಆಮೇಲೆ ನಗುತ್ತಾ ಹೇಳಿದ: “ಹಿಲ್ ವ್ಯೂ ಇದೆ ಅಂಕಲ್. ಮೂರನೇ ಫ್ಲೋರಿಂದ ಚೆನ್ನಾಗಿ ಕಾಣುತ್ತೆ.”

ಘಟ್ಟದ ಕೆಳಗಿನವರಿಗೂ ಬೆಂಗಳೂರಿನವರಿಗೂ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟದ ಹಕ್ಕು ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ. ಆ ಬೆಟ್ಟದ ಸೊಪ್ಪು, ಒಣಗಿ ಬಿದ್ದ ದರಕು ಕೊಟ್ಟಿಗೆಗೆ ಬರುತ್ತದೆ. ಅಲ್ಲಿ ದನದ ಕಾಲಡಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಬೆಟ್ಟ ಬೋಳಾದರೆ ತೋಟವೂ ಸೊರಗುತ್ತದೆ. ಅಂದರೆ ಒಂದು ಎಕರೆ ತೋಟ ನಿಂತಿರುವುದು ಒಂದು ಎಕರೆ ಮೇಲೆ ಅಲ್ಲ, ಹತ್ತು ಎಕರೆ ಮೇಲೆ. ಇದು ಶಾಲೆಗೆ ಹೋಗದವರಿಗೂ ಗೊತ್ತಿದ್ದ ಲೆಕ್ಕ.

ಅಜ್ಜ ಕೇಳಿದ್ದು ಅದನ್ನೇ. ಆರು ಎಕರೆ ಮಾಲಿಗೆ ನೀರು ಯಾವ ಬೆಟ್ಟದಿಂದ? ಕಸ ಯಾವ ಬೆಟ್ಟಕ್ಕೆ? ಐನೂರು ಕಾರು ಬರುವ ರಸ್ತೆ ಯಾರ ಹುಲ್ಲು ಬ್ಯಾಣದ ಮೇಲೆ? ಪಾಯಿಖಾನೆ ನೀರು ಯಾವ ಹಳ್ಳಕ್ಕೆ? ಮತ್ತೆ ಮಾಲ್ ಒಂಟಿಯಾಗಿ ಬರುವುದಿಲ್ಲ, ದಿಬ್ಬಣ ಕಟ್ಟಿಕೊಂಡು ಬರುತ್ತದೆ. ಹಿಂದೆಯೇ ಲೇಔಟ್, ಕಾರ್ ಶೋರೂಮ್, ಕಲ್ಯಾಣ ಮಂಟಪ, ಢಾಬಾ. ಎಲ್ಲದಕ್ಕೂ ಗದ್ದೆಯೇ ಬೇಕು, ಯಾಕೆಂದರೆ ಅದು ಸಪಾಟಾಗಿದೆ. ಅದು ಯಾಕೆ ಸಪಾಟಾಗಿದೆ ಅಂತ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲಲಿ ಅಂತಲೇ ಹಿರಿಯರು ಹಾಗೆ ಮಾಡಿಟ್ಟಿದ್ದು. ಅದಕ್ಕೆ ಮೂರಡಿ ಮಣ್ಣು ಹಾಕಿದರೆ ನೀರು ಬೇರೆ ಮನೆ ಹುಡುಕುತ್ತದೆ. ಸಾಮಾನ್ಯವಾಗಿ ಕೆಳಗಿನವರ ಮನೆ.

ನೀರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಘನಾಶಿನಿ ಹುಟ್ಟುವುದು ನಮ್ಮೂರಿನ ಶಂಕರಹೊಂಡದಲ್ಲಿ. ಅಣೆಕಟ್ಟೆ ಇಲ್ಲದೆ ಸಮುದ್ರ ಸೇರುವ ನದಿ ಅಂತ ನೆಂಟರಿಗೆಲ್ಲ ಹೇಳಿಕೊಳ್ಳುತ್ತೇವೆ. ನದಿಗೆ ಜನ್ಮ ಕೊಟ್ಟ ಊರಿನವರು ಏಪ್ರಿಲ್ ಬಂತೆಂದರೆ ಕೊಡ ಇಟ್ಟುಕೊಂಡು ನಳದ ಕಡೆ ನೋಡುತ್ತಾ ಕೂರುತ್ತೇವೆ. ಚಿತ್ರದ ಕಾರಂಜಿ ಏಪ್ರಿಲ್‌ನಲ್ಲೂ ಚಿಮ್ಮುತ್ತದಾ ಅಂತ ಒಬ್ಬರು ಕೇಳಿದರು. “ಟ್ವೆಂಟಿಫೋರ್ ಬೈ ಸೆವೆನ್” ಅಂತ ಉತ್ತರ ಬಂತು.

ವಿರೋಧಿಸುವವರು ಇರಲಿಲ್ಲವೇ? ಇದ್ದರು. ಅವರನ್ನು ನೋಡಿದರೆ ಮಾಲ್ ಬಂದರೇ ಒಳ್ಳೆಯದು ಅನ್ನಿಸುವಂತಿತ್ತು. ಒಬ್ಬರು ಬೆಂಗಳೂರು ಬಿಟ್ಟು ಬಂದು ಇಲ್ಲಿ ಹೋಮ್‌ಸ್ಟೇ ನಡೆಸುವವರು. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ಕಿತ್ತು ಹಾಕಿದ ಮೇಲೆ ಗದ್ದೆ ಕೊಂಡವರು. ಮೊದಲೆಲ್ಲ ಕೊಳ್ಳುವವನು ರೈತ ಅಂತ ತೋರಿಸಬೇಕಿತ್ತು, ಈಗ ದುಡ್ಡು ತೋರಿಸಿದರೆ ಸಾಕಲ್ವಾ. “ನಮ್ಮ ಗೆಸ್ಟುಗಳಿಗೆ ರಾತ್ರಿ ಕಪ್ಪೆ ಕೂಗುವುದು ಕೇಳಬೇಕು, ಜನರೇಟರ್ ಅಲ್ಲ” ಅಂತ ಗುಡುಗಿದರು. ಕಪ್ಪೆ ಪರವಾಗಿ ಅಷ್ಟು ಖಡಕ್ಕಾಗಿ ಮಾತಾಡಿದವರನ್ನು ನಾನು ನೋಡಿಲ್ಲ. ಅವರ ಈಜುಕೊಳವೂ ಗದ್ದೆಯಲ್ಲೇ ಇದೆ.

ಇನ್ನೊಬ್ಬರು ಅಪ್ಪಿಕೋ ನೆನಪಿಸಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ಕೊಡಲಿ ತಡೆದ ತಾಲೂಕು ಇದು. ಹುಡುಗನಿಗೆ ಖುಷಿಯೋ ಖುಷಿ. ಮಾಲಿನ ನಡುವೆ ನಲವತ್ತು ಅಡಿಯ ಮರ ಇಡುತ್ತಾರಂತೆ. ಪ್ಲಾಸ್ಟಿಕ್ಕಿನದು, ಎಲೆ ಉದುರುವುದಿಲ್ಲ. ಬೇಕಾದವರು ಅಪ್ಪಿಕೊಂಡು ಸೆಲ್ಫಿ ತೆಗೆದುಕೊಳ್ಳಬಹುದು.

ಪೇಟೆಯ ಅಂಗಡಿಯವರೂ ಬಂದಿದ್ದರು. ಮಾಲ್ ಬಂದರೆ ಸಣ್ಣ ವ್ಯಾಪಾರಿ ಸಾಯುತ್ತಾನೆ ಅಂದರು. ನಿಜ. ಆದರೆ ಅವರಲ್ಲಿ ಕೆಲವರು ಕಟ್ಟಿದ ಮೂರು ಮಾಳಿಗೆ ಕಾಂಪ್ಲೆಕ್ಸಿನ ಮುಂದೆ ಒಂದು ಸ್ಕೂಟಿ ನಿಲ್ಲಿಸಿದರೆ ಇಡೀ ನಟರಾಜ ರಸ್ತೆ ನಿಲ್ಲುತ್ತದೆ. ಊರು ಹೊರಗೆ ಓಡುತ್ತಿರುವುದಕ್ಕೆ ಒಳಗೆ ಕಾಲಿಡಲು ಜಾಗ ಇಲ್ಲದ್ದೂ ಒಂದು ಕಾರಣ. ಹಾಗಿದ್ದರೂ ನಾನು ಅವರ ಕಡೆಯೇ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಅಂದರೆ ಆರು ತಿಂಗಳು ಉದ್ರಿ ಬರೆದುಕೊಳ್ಳುವವರು ಅವರೇ. ಮಾಲಿನಲ್ಲಿ “ಬರೆದಿಡು ಮಾರಾಯಾ” ಅಂದರೆ ಸೆಕ್ಯುರಿಟಿಯವನು ಬರುತ್ತಾನೆ.

ಕೊನೆಗೆ ಒಬ್ಬರು ಎಲ್ಲರಿಗೂ ಒಪ್ಪಿಗೆಯಾಗುವ ಮಾತಾಡಿದರು. ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ, ಮಾಲ್ ಅಂದರೆ ದಿನಾ ಜಾತ್ರೆ. ಜನ ತಲೆದೂಗಿದರು. ನನಗೆ ತಡೆಯಲಾಗಲಿಲ್ಲ. ನಮ್ಮ ಜಾತ್ರೆ ಒಂಬತ್ತು ದಿನ. ಬಿಡ್ಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂರುತ್ತಾಳೆ, ಬಳೆ ಅಂಗಡಿ, ತೊಟ್ಟಿಲು, ಸರ್ಕಸ್ಸು, ಕಾಲಿಡಲು ಜಾಗವಿಲ್ಲ. ಮುಗಿದ ಮೇಲೆ ಮಾತಂಗಿ ಚಪ್ಪರಕ್ಕೆ ಬೆಂಕಿ. ಅಲ್ಲಿಗೆ ಜಾತ್ರೆ ಖಲಾಸ್. “ನಿಮ್ಮ ಮಾಲಿಗೆ ಚಪ್ಪರ ಸುಡುವ ಕ್ರಮ ಇದೆಯಾ?” ಅಂತ ಕೇಳಿದೆ.

“ಫೈರ್ ಸೇಫ್ಟಿ ಪೂರ್ತಿ ಇದೆ ಸರ್” ಅಂದ ಹುಡುಗ.

ಇಷ್ಟೆಲ್ಲ ಬರೆದು ಒಂದು ಮಾತು ಮುಚ್ಚಿಡಬಾರದು. ಆ ಬಯಲಿನ ಅಂಚಿಗೆ ನಮ್ಮದೂ ಹದಿನಾಲ್ಕು ಗುಂಟೆ ಇದೆ. ಉತಾರದಲ್ಲಿ ಇನ್ನೂ ಅಜ್ಜನ ಹೆಸರು. ನೇಗಿಲು ಕಂಡು ಹತ್ತು ವರ್ಷವಾಯಿತು. ಹಂದಿ ತಿಂದು ಬಿಟ್ಟಿದ್ದನ್ನು ಕೂಲಿ ಕೊಟ್ಟು ಕೊಯ್ಯಿಸುವುದಕ್ಕಿಂತ ಅಂಗಡಿ ಅಕ್ಕಿ ಅಗ್ಗ. ಸಭೆ ಮುಗಿದ ರಾತ್ರಿ ನಾನು ಪಾಲುದಾರನಾದ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಮಾಲ್ ತಡೆಯುವುದು ಹೇಗೆ ಅಂತ ಕೇಳಲು ಅಲ್ಲ. ಎನ್‌ಎ ಮಾಡಿಸಲು, ಅಂದರೆ ಗದ್ದೆಯನ್ನು ಕೃಷಿಯೇತರ ಜಮೀನು ಅಂತ ಬದಲಾಯಿಸಲು, ಎಷ್ಟು ದಿನ ಬೇಕು ಅಂತ ಕೇಳಲು. ಅವನು ಹಿಂದಿನ ವಾರವೇ ವಿಚಾರಿಸಿ ಇಟ್ಟಿದ್ದ.

ಮರುದಿನ ಗದ್ದೆ ಅಂಚಿಗೆ ಫ್ಲೆಕ್ಸ್ ಎದ್ದಿತು. ಇಪ್ಪತ್ತಡಿ ಅಗಲ, ಅದೇ ನೀಲಿ ಆಕಾಶ. ನಾಲ್ಕು ದಿನ ಬಿಡದೆ ಗಾಳಿಮಳೆ. ಐದನೇ ದಿನ ನೋಡಿದರೆ ಬರೀ ಗೂಟ ನಿಂತಿತ್ತು. ಫ್ಲೆಕ್ಸ್ ಸಿಕ್ಕಿದ್ದು ಬಯಲಿನ ಆಚೆ ಮನೆಯಲ್ಲಿ, ಕೊಟ್ಟಿಗೆ ಪಕ್ಕದ ಕಟ್ಟಿಗೆ ರಾಶಿ ಮೇಲೆ. ಹಾಳೆಯ ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ಕಾಗದದ ಚೀಲದ ಹುಡುಗಿ ಅಂಗಾತ ಮಲಗಿ ಮಳೆಗೆ ನಗುತ್ತಿದ್ದಳು. ಎಸ್ಕಲೇಟರ್ ಮೇಲಿಂದ ನೀರು ಸೀದಾ ಇಳಿದು ಗದ್ದೆಗೆ ಹೋಗುತ್ತಿತ್ತು.

ಮನೆಯ ಅತ್ತಿಗೆ ಕಂಬಳಿಕೊಪ್ಪೆ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದರು.

“ಗಟ್ಟಿ ಇದ್ದು ತಮಾ. ಇನ್ನೊಂದು ಯಾವಾಗ ಬತ್ತಡ? ದರಕಿನ ರಾಶಿಗೂ ಒಂದು ಬೇಕಾಗಿತ್ತು.”